ಗೇಟು ದಾಟಿದ ಮೇಲೂ ಆ ಚೀಲ ನಿಮ್ಮದೇ

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಪ್ಲೇಟಿಂಗ್ ಯೂನಿಟ್ ಇದೆ. ಸತು ಮತ್ತು ಕ್ರೋಮ್ ಲೇಪನ ಮಾಡುತ್ತೇವೆ. 14 ಜನ ಕೆಲಸಗಾರರಿದ್ದಾರೆ. ಇಟಿಪಿಯಿಂದ (ಕೊಳಕು ನೀರು ಶುದ್ಧ ಮಾಡುವ ಘಟಕ) ಬಂದ ಸ್ಲಡ್ಜ್, ಅಂದರೆ ಕೆಸರು, ಐದು ತಿಂಗಳಿಂದ ಶೆಡ್ಡಿನಲ್ಲೇ ಇದೆ. 40 ಚೀಲ, ಒಂದೊಂದು ಸುಮಾರು 30 ಕೆ.ಜಿ. ಅದರ ಜೊತೆ ಎರಡು ಡ್ರಮ್ ಹಳೇ ಆಯಿಲ್, ಆಸಿಡ್ ಬಂದಿದ್ದ ಖಾಲಿ ಕ್ಯಾನುಗಳು, ಎಣ್ಣೆ ಒರೆಸಿದ ಬಟ್ಟೆ ಇವೆ. ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕದಿಂದ ಲಾರಿ ಕರೆಸಿದರೆ ಇಷ್ಟು ಕಡಿಮೆ ಮಾಲಿಗೆ ಖರ್ಚು ಜಾಸ್ತಿ. ಪರಿಚಯದ ಗುಜರಿಯವರೊಬ್ಬರು ಅರ್ಧ ದರಕ್ಕೆ ರಾತ್ರಿ ಬಂದು ತೆಗೆದುಕೊಂಡು ಹೋಗುತ್ತೇನೆ, ಬಿಲ್ ಕೂಡ ಕೊಡುತ್ತೇನೆ ಎನ್ನುತ್ತಿದ್ದಾರೆ. ಇಲ್ಲವೇ ನಮ್ಮದೇ ಟಾಟಾ ಏಸ್‌ನಲ್ಲಿ ನಾವೇ ಸಾಗಿಸಬಹುದಾ? ದಾರಿಯಲ್ಲಿ ಏನಾದರೂ ಆದರೆ ಹೊಣೆ ಯಾರದು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದ ಪ್ರಶ್ನೆಗಳ ಉತ್ತರವೂ ಅದರಲ್ಲೇ ಅಡಗಿದೆ.

ಚೀಲ ಲಾರಿ ಹತ್ತಿತು, ಲಾರಿ ಗೇಟು ದಾಟಿತು, ಇನ್ನು ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನಮ್ಮ ದೇಶದಲ್ಲಿ ಇದಕ್ಕೆಲ್ಲ ಆಧಾರ 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು. ಆ ವರ್ಷದ ಏಪ್ರಿಲ್ 4ರಂದು ಅವು ಹೊರಬಂದವು. ಅದರ 18ನೇ ನಿಯಮದ ಪ್ರಕಾರ, ಕಳಿಸುವವರು ಮತ್ತು ಪಡೆಯುವವರಲ್ಲಿ ಯಾರು ಗಾಡಿ ಗೊತ್ತು ಮಾಡುತ್ತಾರೋ ಅವರೇ ದಾರಿಯ ಸುರಕ್ಷತೆಗೆ ಹೊಣೆ. ಸಾಗಣೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯೂ ಅವರ ಬಳಿ ಇರಬೇಕು. ಅಂದರೆ ದಾಬಸ್‌ಪೇಟೆಯ ಘಟಕವೇ ತನ್ನ ಲಾರಿ ಕಳಿಸಿದರೆ ದಾರಿಯ ಹೊಣೆ ಅವರದು. ನೀವು ಗೊತ್ತು ಮಾಡಿದರೆ ನಿಮ್ಮದು. ಆದರೆ ವಿಷಯ ಅಲ್ಲಿಗೇ ನಿಲ್ಲುವುದಿಲ್ಲ. 23ನೇ ನಿಯಮ ಇನ್ನೊಂದು ಮಾತು ಹೇಳುತ್ತದೆ. ತ್ಯಾಜ್ಯವನ್ನು ಸರಿಯಾಗಿ ನಿಭಾಯಿಸದೆ ಜನರಿಗೋ ಪರಿಸರಕ್ಕೋ ಹಾನಿಯಾದರೆ ಕಾರ್ಖಾನೆಯವರು, ವಿಲೇವಾರಿ ಘಟಕದವರು ಇಬ್ಬರೂ ಉತ್ತರ ಕೊಡಬೇಕು. ಚೀಲಕ್ಕೆ ಏನು ತುಂಬಿದ್ದೀರಿ, ಹೇಗೆ ಕಟ್ಟಿದ್ದೀರಿ, ಯಾರ ಕೈಗೆ ಕೊಟ್ಟಿರಿ ಎನ್ನುವುದಕ್ಕೆ ನೀವೇ ಜವಾಬ್ದಾರರು. ಲಾರಿ ಯಾರದೇ ಇದ್ದರೂ ಅದು ಬದಲಾಗುವುದಿಲ್ಲ.

ಇನ್ನು ಗುಜರಿಯವರ ಮಾತು. ದಯವಿಟ್ಟು ಕೊಡಬೇಡಿ. ಅವರು ನಿಮಗೆ ಬೇಕಾದವರೇ ಇರಬಹುದು, ಕೆಟ್ಟ ಉದ್ದೇಶ ಇಲ್ಲದಿರಬಹುದು. ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: "ಇದು ಎಲ್ಲಿಗೆ ಹೋಗುತ್ತದೆ?" ಪ್ಲೇಟಿಂಗ್ ಸ್ಲಡ್ಜ್‌ಗೆ ಗುಜರಿ ಬೆಲೆ ಇಲ್ಲ. ಅದನ್ನು ಕೊಳ್ಳುವವರಿಲ್ಲ. ಅರ್ಧ ದರಕ್ಕೆ ಒಯ್ಯುವವನಿಗೆ ಲಾಭ ಹುಟ್ಟುವುದು ಅದನ್ನು ಎಲ್ಲೋ ಸುರಿದಾಗ ಮಾತ್ರ. ಖಾಲಿ ಸೈಟು, ಕಲ್ಲು ಕ್ವಾರಿಯ ಗುಂಡಿ, ರಾಜಕಾಲುವೆ, ಹೊಲದ ಬದು. ಅದಕ್ಕೇ ರಾತ್ರಿ ಬರುತ್ತೇನೆ ಎನ್ನುವುದು.

ರಾತ್ರಿ ಸುರಿಯುವುದರಿಂದ ಏನಾಗುತ್ತದೆ ಎನ್ನುವುದಕ್ಕೆ ಸೂರತ್‌ನಲ್ಲಿ ಆಗಿದ್ದನ್ನು ನೆನೆಯಬೇಕು. 2022ರ ಜನವರಿ 6ರ ಬೆಳಗಿನ ಜಾವ. ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಒಂದು ಟ್ಯಾಂಕರ್ ಕೆಮಿಕಲ್ ತ್ಯಾಜ್ಯವನ್ನು ಚರಂಡಿಗೆ ಬಿಡುತ್ತಿತ್ತು. ಎದ್ದ ವಿಷಗಾಳಿ ಪಕ್ಕದ ಬಟ್ಟೆ ಮಿಲ್ಲಿನ ಕೆಲಸಗಾರರ ಮೂಗಿಗೆ ಬಡಿಯಿತು. ಆರು ಜನ ಸತ್ತರು. ಇಪ್ಪತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಸತ್ತವರಿಗೆ ಆ ತ್ಯಾಜ್ಯ ಎಲ್ಲಿಂದ ಬಂತು, ಯಾರದ್ದು, ಏನೂ ಗೊತ್ತಿರಲಿಲ್ಲ. ಪೊಲೀಸರ ತನಿಖೆ ಟ್ಯಾಂಕರ್ ಡ್ರೈವರ್ ಬಳಿ ನಿಲ್ಲಲಿಲ್ಲ. ತ್ಯಾಜ್ಯ ಹುಟ್ಟಿದ ಕಾರ್ಖಾನೆಯವರೆಗೂ ಹೋಯಿತು.

ನಮ್ಮಲ್ಲೂ ನೀರಿನ ದಾರಿ ಚಿಕ್ಕದೇನಲ್ಲ. ಪೀಣ್ಯದ ಒಂದಷ್ಟು ಚರಂಡಿ ನೀರು ವೃಷಭಾವತಿ ಸೇರುತ್ತದೆ. ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ. ಬೈರಮಂಗಲದ ಸುತ್ತ ಆ ನೀರಿನಲ್ಲೇ ರೈತರು ಬೆಳೆ ತೆಗೆಯುತ್ತಾರೆ. ನಿಮ್ಮ 40 ಚೀಲ ಮೋರಿ ಪಕ್ಕದಲ್ಲಿ ಬಿದ್ದು ಒಂದು ಮಳೆ ಬಂದರೆ ಸಾಕು, ಅದರಲ್ಲಿರುವ ಕ್ರೋಮಿಯಂ, ಸತು ಹರಿದು ಹೋಗುವುದು ಯಾರದೋ ಹೊಲಕ್ಕೆ.

ಆ ಬಿಲ್ಲಿನಿಂದಲೂ ರಕ್ಷಣೆ ಸಿಗುವುದಿಲ್ಲ. ತೊಂದರೆಯೇ ಜಾಸ್ತಿ. ಅಪಾಯಕಾರಿ ತ್ಯಾಜ್ಯವನ್ನು ಅನುಮತಿ ಇಲ್ಲದವರಿಗೆ ಕೊಟ್ಟಿದ್ದೇವೆ ಎಂದು ನೀವೇ ಬರೆದುಕೊಟ್ಟ ಹಾಗೆ ಅದು. ನೀವು ಪ್ರತಿ ವರ್ಷ ಜೂನ್ 30ರೊಳಗೆ ಮಂಡಳಿಗೆ ನಮೂನೆ 4ರಲ್ಲಿ ಲೆಕ್ಕ ಕೊಡಬೇಕು, ಅಲ್ವಾ? ಎಷ್ಟು ಹುಟ್ಟಿತು, ಎಷ್ಟು ಕಳಿಸಿದಿರಿ, ಎಲ್ಲಿಗೆ ಎಂದು. ಅಧಿಕಾರಿಗಳು ಬಂದಾಗ ಇಟಿಪಿಗೆ ಬಳಸುವ ಸುಣ್ಣ, ಮೆಟಾಬೈಸಲ್ಫೈಟ್, ಲೇಪನಕ್ಕೆ ಬಳಸುವ ಕ್ರೋಮಿಕ್ ಆಸಿಡ್ ಎಷ್ಟು ಕೊಂಡಿದ್ದೀರಿ ಎಂದು ನೋಡುತ್ತಾರೆ. ಅಷ್ಟು ಸುಣ್ಣ ಬಳಸಿದವರ ಬಳಿ ಇಷ್ಟೇ ಸ್ಲಡ್ಜ್ ಹೇಗೆ ಬಂತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಪರಿಸರ ಸಂರಕ್ಷಣಾ ಕಾಯ್ದೆಯ ದಂಡದ ಕ್ರಮವೂ 2024ರ ಏಪ್ರಿಲ್ 1ರಿಂದ ಬದಲಾಗಿದೆ. ಈಗ ದಂಡ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ. ನೀವು ಉಳಿಸುವ ಅರ್ಧ ದರವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಈಗ ನಿಮ್ಮ ಶೆಡ್ಡಿನ ವಿಷಯ. ಐದು ತಿಂಗಳು ಎಂದರೆ 150 ದಿನ. ನಿಯಮದ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ವರ್ಷಕ್ಕೆ 10 ಟನ್‌ವರೆಗೆ ತ್ಯಾಜ್ಯ ಹುಟ್ಟುವ ಚಿಕ್ಕ ಘಟಕಗಳಿಗೆ ಮಂಡಳಿ ಈ ಅವಧಿಯನ್ನು 180 ದಿನದವರೆಗೆ ಹೆಚ್ಚಿಸಿಕೊಡಬಹುದು. ನಿಮ್ಮ ಲೆಕ್ಕ ಹಾಕಿದೆ. ಐದು ತಿಂಗಳಿಗೆ 1,200 ಕೆ.ಜಿ. ಸ್ಲಡ್ಜ್, ವರ್ಷಕ್ಕೆ ಮೂರು ಟನ್ ಹತ್ತಿರ. ಆಯಿಲ್, ಕ್ಯಾನು ಎಲ್ಲ ಸೇರಿದರೂ 10 ಟನ್ ಮುಟ್ಟುವುದಿಲ್ಲ. ಹಾಗಾಗಿ ನೀವು ಕೇಳಬಹುದು. ಆದರೆ ಕೇಳಬೇಕು, ಮಂಡಳಿ ಒಪ್ಪಬೇಕು. ಸುಮ್ನೆ ಇಟ್ಟುಕೊಂಡರೆ ಅದು ತಪ್ಪೇ. ಈ ವಾರವೇ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಪ್ರಾದೇಶಿಕ ಕಚೇರಿಗೆ ಇರುವ ವಿಷಯವನ್ನು ಇದ್ದ ಹಾಗೆ ಪತ್ರ ಬರೆಯಿರಿ. ಎಷ್ಟು ಚೀಲ, ಯಾವಾಗಿನಿಂದ, ಯಾವಾಗ ಕಳಿಸುತ್ತೀರಿ. ತಡವಾಗಿದೆ ಎನ್ನುವುದನ್ನು ಮುಚ್ಚಿಡಬೇಡಿ. ತಾವಾಗಿ ಬಂದು ಹೇಳಿದವರಿಗೂ ತಪಾಸಣೆಯಲ್ಲಿ ಸಿಕ್ಕಿಬಿದ್ದವರಿಗೂ ವ್ಯತ್ಯಾಸ ಇದೆ. ಇಷ್ಟು ವರ್ಷಗಳಲ್ಲಿ ನಾನು ಕಂಡದ್ದು ಅದು.

ಲಾರಿ ಕರೆಸುವ ಮೊದಲು ಮಾಡಬೇಕಾದ ದೊಡ್ಡ ಕೆಲಸ ಪ್ಯಾಕಿಂಗ್. ರಸ್ತೆಯಲ್ಲಿ ಆಗುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಕಾರ್ಖಾನೆಯ ಒಳಗೇ, ಚೀಲ ತುಂಬುವಾಗಲೇ ಹುಟ್ಟಿರುತ್ತವೆ ಎಂದು ನನಗೆ ಅನಿಸುತ್ತದೆ. ಒಂದು ಮಳೆಗಾಲದಲ್ಲಿ ತುಮಕೂರು ರಸ್ತೆಯಲ್ಲಿ ಒಂದು ಟೆಂಪೋ ಹಿಂದೆ ಹೋಗುತ್ತಿದ್ದೆ. ಅದರ ಹಿಂಬಾಗಿಲಿನ ಸಂದಿಯಿಂದ ನಿಂಬೆ ಹಳದಿ ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಸಿಗ್ನಲ್‌ನಲ್ಲಿ ಆ ನೀರಿನ ಪಕ್ಕದಲ್ಲೇ ಬೈಕಿನವರು ಕಾಲೂರಿ ನಿಂತಿದ್ದರು. ಆ ಹಳದಿ ನೋಡಿದ ಕೂಡಲೇ ಪ್ಲೇಟಿಂಗ್‌ನವರಿಗೆ ಗೊತ್ತಾಗುತ್ತದೆ. ಅದು ಹೆಕ್ಸಾವೇಲೆಂಟ್ ಕ್ರೋಮಿಯಂ. ಚರ್ಮಕ್ಕೆ ಹುಣ್ಣು ಮಾಡುವ, ಕ್ಯಾನ್ಸರ್ ತರುವ ರೂಪ ಅದು. ಮೆಟಾಬೈಸಲ್ಫೈಟ್ ಹಾಕಿ ಅದನ್ನು ಕಡಿಮೆ ಅಪಾಯದ ಟ್ರೈವೇಲೆಂಟ್ ರೂಪಕ್ಕೆ ತಂದು, ಆಮೇಲೆ ಸುಣ್ಣ ಹಾಕಿ ಕೆಳಗೆ ಇಳಿಸಬೇಕು. ಮೊದಲ ಹೆಜ್ಜೆಯಲ್ಲಿ ಕೈ ಬಿಗಿ ಹಿಡಿದರೆ ವಿಷ ಸ್ಲಡ್ಜ್‌ನಲ್ಲೇ ಉಳಿಯುತ್ತದೆ. ನಿಮ್ಮ ಚೀಲಗಳ ತಳದಲ್ಲಿ ಹಳದಿ ಕಲೆ ಇದ್ದರೆ ಅವನ್ನು ಲಾರಿಗೆ ಏರಿಸಬೇಡಿ. ಮೊದಲು ಇಟಿಪಿ ಸರಿಮಾಡಿ, ಆ ಸ್ಲಡ್ಜ್ ಅನ್ನು ಮತ್ತೆ ಟ್ರೀಟ್ ಮಾಡಿ.

ಫಿಲ್ಟರ್ ಪ್ರೆಸ್‌ನಿಂದ (ನೀರು ಹಿಂಡುವ ಯಂತ್ರ) ಬಂದ ಸ್ಲಡ್ಜ್ ಮುಟ್ಟಿದರೆ ಗಟ್ಟಿ ಕಾಣುತ್ತದೆ. ಆದರೆ ಒಳಗೆ ನೀರು ತುಂಬ ಇರುತ್ತದೆ. ಲಾರಿ ಕುಲುಕಿದಂತೆಲ್ಲ ಆ ನೀರು ಬಿಟ್ಟುಕೊಂಡು ಚೀಲದ ತಳಕ್ಕೆ ಇಳಿಯುತ್ತದೆ. ಒಂದು ಸುಲಭ ಪರೀಕ್ಷೆ ಇದೆ. ಪೇಂಟ್ ಸೋಸುವ ಕೋನಾಕಾರದ ಜಾಲರಿಯಲ್ಲಿ 100 ಗ್ರಾಂ ಸ್ಲಡ್ಜ್ ಹಾಕಿ 5 ನಿಮಿಷ ಬಿಡಿ. ಒಂದು ಹನಿ ಕೆಳಗೆ ಬಿದ್ದರೂ ಇನ್ನೂ ಒಣಗಬೇಕು ಎಂದರ್ಥ. ಲ್ಯಾಂಡ್‌ಫಿಲ್‌ಗೆ (ತ್ಯಾಜ್ಯ ಹೂಳುವ ಜಾಗ) ತೆಗೆದುಕೊಳ್ಳುವ ಮುನ್ನ ವಿಲೇವಾರಿ ಘಟಕದವರೂ ಇದೇ ರೀತಿಯ ಪರೀಕ್ಷೆ ಮಾಡುತ್ತಾರೆ. ಚಾವಣಿ ಕೆಳಗೆ, ಸಿಮೆಂಟ್ ಕಟ್ಟೆಯ ಮೇಲೆ ಒಣಗಿಸಿ. ಹಾಗೆಂದು ಪುಡಿಪುಡಿ ಆಗುವ ತನಕವೂ ಬಿಡಬೇಡಿ. ಧೂಳು ಎದ್ದರೆ ಅದು ನಿಮ್ಮ ಹುಡುಗರ ಶ್ವಾಸಕೋಶಕ್ಕೇ ಹೋಗುವುದು.

ಚೀಲ ಹೊಸದೇ ಇರಲಿ. ಸಿಮೆಂಟ್ ಚೀಲ, ಗೊಬ್ಬರದ ಚೀಲ, ಮೈದಾ ಚೀಲ ಬೇಡ. ಒಳಗೆ ದಪ್ಪ ಪ್ಲಾಸ್ಟಿಕ್ ಲೈನರ್ (ಒಳಚೀಲ) ಇರುವ ಎಚ್‌ಡಿಪಿಇ, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೀಲ ತೆಗೆದುಕೊಳ್ಳಿ. ಲೈನರ್ ಬಾಯಿಯನ್ನು ಬೇರೆಯಾಗಿ ಕಟ್ಟಿ, ಆಮೇಲೆ ಚೀಲದ ಬಾಯಿ ಹೊಲಿಸಿ. ಫೋರ್ಕ್‌ಲಿಫ್ಟ್ ಇದ್ದವರಿಗೆ ಜಂಬೋ ಬ್ಯಾಗ್ ಒಳ್ಳೆಯದು. ನಿಮ್ಮಂಥ ಕಡೆ ಕೈಯಲ್ಲೇ ಎತ್ತುವುದರಿಂದ 30 ಕೆ.ಜಿ. ಸರಿಯಾಗಿದೆ, ಅದಕ್ಕಿಂತ ಹೆಚ್ಚಿಸಬೇಡಿ. ದ್ರವ ಇದ್ದರೆ ಡ್ರಮ್ ಅಂಚಿನ ತನಕ ತುಂಬಬಾರದು. ಬಿಸಿಲಿಗೆ ಉಬ್ಬಲು ಒಂದು ಗೇಣಿನ ಅರ್ಧದಷ್ಟಾದರೂ ಜಾಗ ಬಿಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ. ಇದನ್ನು ಮಾತ್ರ ನಿಮ್ಮ ಲೋಡಿಂಗ್ ಹುಡುಗರಿಗೆ ಕೂರಿಸಿಕೊಂಡು ಹೇಳಿ. ನಿಮ್ಮ ಸತುವಿನ ಬಾತ್ (ಲೇಪನದ ತೊಟ್ಟಿಯ ದ್ರಾವಣ) ಸಯನೈಡ್‌ನದ್ದಾ? ಹೌದಾದರೆ, ಅದರ ತ್ಯಾಜ್ಯ ಮತ್ತು ಪಿಕ್ಲಿಂಗ್ ಆಸಿಡ್‌ನ (ಲೋಹದ ತುಕ್ಕು ತೆಗೆಯುವ ಆಸಿಡ್) ಯಾವುದೇ ತ್ಯಾಜ್ಯ ಒಂದೇ ಗಾಡಿಯಲ್ಲಿ ಹೋಗಬಾರದು. ಸಯನೈಡ್‌ಗೆ ಆಸಿಡ್ ತಾಗಿದರೆ ಹೈಡ್ರೋಜನ್ ಸಯನೈಡ್ ಗಾಳಿ ಹುಟ್ಟುತ್ತದೆ. ಅದು ಕೆಲವೇ ನಿಮಿಷಗಳಲ್ಲಿ ಮನುಷ್ಯನನ್ನು ಕೊಲ್ಲುತ್ತದೆ. ಒಂದು ಡ್ರಮ್ ಸೋರಿ, ಪಕ್ಕದ ಡ್ರಮ್ಮೂ ಸೋರಿದರೆ ಸಾಕು. ಅದೇ ರೀತಿ ಕ್ರೋಮಿಕ್ ಆಸಿಡ್ ಮತ್ತು ಎಣ್ಣೆ ಬಟ್ಟೆ. ಕ್ರೋಮಿಕ್ ಆಸಿಡ್ ಬೆಂಕಿಗೆ ಆಮ್ಲಜನಕ ಕೊಡುವ ಜಾತಿಯದು. ಎಣ್ಣೆ, ಬಟ್ಟೆ, ಮರದ ಹೊಟ್ಟಿಗೆ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನಮ್ಮಲ್ಲಿ ಏನು ಚೆಲ್ಲಿದರೂ ಮೊದಲು ಮರದ ಹೊಟ್ಟು ಹಾಕುವ ಅಭ್ಯಾಸ. ಕ್ರೋಮಿಕ್ ಆಸಿಡ್‌ಗೆ ಅದು ಬೇಡವೇ ಬೇಡ. ಒಣ ಮರಳು ಹಾಕಿ.

ಪ್ರತಿ ಚೀಲಕ್ಕೂ ಲೇಬಲ್ ಬೇಕು. ನಮೂನೆ 8ರ ಲೇಬಲ್ ಹೊಳೆಯುವ ಹಳದಿ ಬಣ್ಣದ್ದು. ಅದರ ಮೇಲೆ ಕೆಂಪಿನಲ್ಲಿ ಅಪಾಯಕಾರಿ ತ್ಯಾಜ್ಯ, ಎಚ್ಚರದಿಂದ ನಿಭಾಯಿಸಿ ಎಂದು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇರಬೇಕು. ನೀರಿಗೆ ಅಳಿಯಬಾರದು. ಕನ್ನಡ ಕಡ್ಡಾಯ ಎನ್ನುವುದನ್ನು ಎಷ್ಟೋ ಕಡೆ ಮರೆತೇ ಬಿಡುತ್ತಾರೆ. ಚೀಲ ಬಿದ್ದ ಊರಿನವನಿಗೆ ಓದಲು ಬರಬೇಕಾದದ್ದು ಅದೇ. ಆ ನಿಯಮಗಳ ಪಟ್ಟಿಯಲ್ಲಿ ನಿಮ್ಮ ಇಟಿಪಿ ಸ್ಲಡ್ಜ್‌ನ ವರ್ಗ ಸಂಖ್ಯೆ 35.3. ನಿಮ್ಮ ಅನುಮತಿ ಪತ್ರದಲ್ಲಿ ಯಾವ ಸಂಖ್ಯೆ ಇದೆಯೋ ಅದೇ ಲೇಬಲ್‌ನಲ್ಲೂ ಮ್ಯಾನಿಫೆಸ್ಟ್‌ನಲ್ಲೂ (ಲಾರಿ ಜೊತೆ ಹೋಗುವ ಸಾಗಣೆ ಪತ್ರ) ಬರಬೇಕು. ಈ ಮೂರು ಹೊಂದದಿದ್ದರೆ ಘಟಕದ ಗೇಟಿನಲ್ಲೇ ಲಾರಿ ನಿಲ್ಲುತ್ತದೆ.

ಲಾರಿ ಬಂದ ದಿನ ಅವಸರ ಮಾಡಬೇಡಿ. ಲೋಡಿಂಗ್ ಶುರುವಾಗುವ ಮುನ್ನ ಗಾಡಿಯ ಸುತ್ತ ಒಂದು ಸುತ್ತು ಹಾಕಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಪ್ರಕಾರ ಈ ಗಾಡಿಗಳು ನೀಲಿ ಬಣ್ಣದ್ದಿದ್ದು, ಮೈಸುತ್ತ ನಡುವೆ 15ರಿಂದ 30 ಸೆಂಟಿಮೀಟರ್ ಅಗಲದ ಬಿಳಿ ಪಟ್ಟಿ ಇದ್ದರೆ ಒಳ್ಳೆಯದು. ಎಲ್ಲ ಬದಿಗೂ ಅಪಾಯಕಾರಿ ತ್ಯಾಜ್ಯ ಎಂದು ಬರೆದಿರಬೇಕು, ಇಲ್ಲೂ ಕನ್ನಡ ಇರಬೇಕು. ಆ ಗಾಡಿಯನ್ನು ಬೇರೆ ಯಾವುದಕ್ಕೂ ಬಳಸುವ ಹಾಗಿಲ್ಲ. ಇವತ್ತು ಸ್ಲಡ್ಜ್, ನಾಳೆ ಈರುಳ್ಳಿ ಎನ್ನುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು ಇದರ ಮೇಲೆ ಇನ್ನೊಂದಿಷ್ಟು ಕೇಳುತ್ತವೆ. ಎರಡು ಪಕ್ಕಕ್ಕೂ ಹಿಂಬದಿಗೂ ತುರ್ತು ಮಾಹಿತಿ ಫಲಕ ಬೇಕು. ಅದರಲ್ಲಿ ವಸ್ತುವಿನ ಹೆಸರು, ವಿಶ್ವಸಂಸ್ಥೆಯ ವರ್ಗ ಸಂಖ್ಯೆ, ಡೈಮಂಡ್ ಆಕಾರದ ಗುರುತು, ತುರ್ತು ಫೋನ್ ನಂಬರ್, ಕಳಿಸಿದವರ ಹೆಸರು ಮತ್ತು ನಂಬರ್ ಇರುತ್ತವೆ. ಹೌದು, ಅಲ್ಲಿ ನಿಮ್ಮ ಫೋನ್ ನಂಬರ್ ಇರುತ್ತದೆ. ಆ ನಂಬರ್ ರಾತ್ರಿ ಕೂಡ ಯಾರಾದರೂ ಎತ್ತುವಂತಿರಲಿ. ಕಾರ್ಖಾನೆಯ ಲ್ಯಾಂಡ್‌ಲೈನ್ ಕೊಟ್ಟು ಆರು ಗಂಟೆಗೆ ಬೀಗ ಹಾಕಿದರೆ ಪ್ರಯೋಜನ ಇಲ್ಲ.

ಆಮೇಲೆ ಗಾಡಿಯ ತಳ ನೋಡಿ. ಹಲಗೆ ಸಂದಿ ಬಿಟ್ಟಿದೆಯಾ, ಹಳೇ ಮಾಲಿನ ಒದ್ದೆ ಇದೆಯಾ, ಟಾರ್ಪಾಲು ಹರಿದಿದೆಯಾ. ಬೆಂಕಿ ಆರಿಸುವ ಸಿಲಿಂಡರ್, ಮರಳು, ಗ್ಲೌಸ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇವೆಯಾ. ಭಾರ ಎರಡೂ ಪಕ್ಕ ಸಮ ಇರುವಂತೆ ಜೋಡಿಸಿ, ಡ್ರಮ್‌ಗಳನ್ನು ಬಿರಡೆ ಮೇಲಾಗಿ ನಿಲ್ಲಿಸಿ ಬೆಲ್ಟ್ ಬಿಗಿಸಿ. ಕೆಲಸಗಾರರು ಯಾರೂ ಚೀಲಗಳ ಮೇಲೆ ಕೂತು ಹೋಗುವ ಹಾಗಿಲ್ಲ. ಕ್ಯಾಬಿನ್‌ನಲ್ಲಿ ಜಾಗ ಇದ್ದಷ್ಟೇ ಜನ.

ಡ್ರೈವರ್ ಜೊತೆ ಮಾತಾಡಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ನನಗೆ ಇದೇ ಮುಖ್ಯ ಅನಿಸುತ್ತದೆ. ಅಪಾಯಕಾರಿ ಸರಕು ಸಾಗಿಸುವ ಡ್ರೈವರ್‌ಗೆ ಮೂರು ದಿನದ ತರಬೇತಿ ಆಗಿರಬೇಕು, ಲೈಸೆನ್ಸ್‌ನಲ್ಲಿ ಅದರ ನಮೂದು ಇರಬೇಕು. ನೀವು ಅವರ ಕೈಗೆ ನಮೂನೆ 9ರ ಟ್ರೆಮ್ ಕಾರ್ಡ್ ಕೊಡಬೇಕು. ಒಳಗೆ ಏನಿದೆ, ಮೈಗೆ ತಾಗಿದರೆ ಏನು ಮಾಡಬೇಕು, ಚೆಲ್ಲಿದರೆ ಏನು, ಬೆಂಕಿ ಬಿದ್ದರೆ ಏನು, ಎಲ್ಲ ಅದರಲ್ಲಿರುತ್ತದೆ. ಅದು ಕ್ಯಾಬಿನ್‌ನಲ್ಲೇ ಇರಬೇಕು. ಎಷ್ಟೋ ಕಡೆ ಈ ಕಾರ್ಡನ್ನು ಎಲ್ಲಿಂದಲೋ ನಕಲು ಮಾಡಿ, ಫೈಲಿಗೆ ಹಾಕಿ ಮುಗಿಸುತ್ತಾರೆ. ಹಾಗೆ ಮಾಡಬೇಡಿ. ನಿಮ್ಮ ಮಾಲಿಗೆ ತಕ್ಕ ಹಾಗೆ ಬರೆಸಿ, ಡ್ರೈವರ್‌ಗೆ ಬರುವ ಭಾಷೆಯಲ್ಲಿ ಒಂದು ಪ್ರತಿ ಇಟ್ಟು, ಐದು ನಿಮಿಷ ಓದಿ ಹೇಳಿ. ರಸ್ತೆಯಲ್ಲಿ ಗಾಡಿ ಮಗುಚಿದಾಗ ಮೊದಲು ಅದರ ಹತ್ತಿರ ಇರುವವನು ಅವನೇ. ತಾನು ಏನು ಹೊತ್ತು ಹೋಗುತ್ತಿದ್ದೇನೆ ಎಂದು ತಿಳಿಯುವುದು ಅವನ ಹಕ್ಕು.

ಮ್ಯಾನಿಫೆಸ್ಟ್ ಎನ್ನುವ ನಮೂನೆ 10 ಬಗ್ಗೆ ಈಗ ಹೇಳುತ್ತೇನೆ. ಏಳು ಬಣ್ಣದ ಏಳು ಪ್ರತಿ. ತೊಡಕು ಅನಿಸುತ್ತದೆ, ಆದರೆ ಒಮ್ಮೆ ಕೈಗೆ ಬಂದರೆ ಸುಲಭ. ಬಿಳಿ ಪ್ರತಿಯನ್ನು ನೀವು ಮಂಡಳಿಗೆ ಕಳಿಸುತ್ತೀರಿ. ಹಳದಿ ಪ್ರತಿಗೆ ಸಾಗಣೆಯವರ ಸಹಿ ಹಾಕಿಸಿ ನಿಮ್ಮಲ್ಲೇ ಇಟ್ಟುಕೊಳ್ಳುತ್ತೀರಿ. ಉಳಿದ ಐದು ಲಾರಿಯ ಜೊತೆ ಹೋಗುತ್ತವೆ. ಗುಲಾಬಿ ಬಣ್ಣದ್ದು ವಿಲೇವಾರಿ ಘಟಕದಲ್ಲಿ ಉಳಿಯುತ್ತದೆ. ಕಿತ್ತಳೆ ಬಣ್ಣದ್ದು ಸಾಗಣೆಯವರಿಗೆ. ಹಸಿರು ಪ್ರತಿಯನ್ನು ಘಟಕ ಮಂಡಳಿಗೆ ಕಳಿಸುತ್ತದೆ. ನೀಲಿ ಪ್ರತಿಯನ್ನು ನಿಮಗೆ ವಾಪಸ್ ಕಳಿಸುತ್ತದೆ. ಬೂದು ಬಣ್ಣದ್ದು ತ್ಯಾಜ್ಯ ಬೇರೆ ರಾಜ್ಯದಿಂದ ಬಂದಿದ್ದಾಗ ಮಾತ್ರ, ಕಳಿಸಿದ ರಾಜ್ಯದ ಮಂಡಳಿಗೆ.

ಈ ಏಳರಲ್ಲಿ ನೀವು ಕಣ್ಣಿಡಬೇಕಾದದ್ದು ನೀಲಿ ಪ್ರತಿಯ ಮೇಲೆ. ನೀವು ಕಳಿಸಿದ 1,200 ಕೆ.ಜಿ. ಅಲ್ಲಿ 1,200 ಕೆ.ಜಿ.ಯಾಗಿಯೇ ಇಳಿಯಿತು ಎನ್ನುವುದಕ್ಕೆ ನಿಮ್ಮ ಬಳಿ ಇರುವ ಸಾಕ್ಷಿ ಅದೊಂದೇ. ಗಾಡಿ ಹೊರಡುವ ಮುನ್ನ ಹತ್ತಿರದ ವೇಬ್ರಿಡ್ಜ್‌ನಲ್ಲಿ ತೂಕ ಮಾಡಿಸಿ ಚೀಟಿ ಇಟ್ಟುಕೊಳ್ಳಿ. ನೀಲಿ ಪ್ರತಿ ಬಂದಾಗ ಎರಡೂ ತೂಕ ಹೋಲಿಸಿ. ಒದ್ದೆ ಆರಿ ಐದತ್ತು ಕೆ.ಜಿ. ಹೆಚ್ಚುಕಮ್ಮಿ ಬಂದರೆ ಚಿಂತೆ ಇಲ್ಲ. ನಾಲ್ಕು ಚೀಲದಷ್ಟು ಕಡಿಮೆ ಬಂದರೆ ಆ ದಿನವೇ ಫೋನ್ ಮಾಡಿ. ಪ್ರತಿಯೇ ಬರಲಿಲ್ಲ ಎಂದರೆ ಸುಮ್ಮನಿರಬೇಡಿ. ನಿಮಗೆ ಪರಿಚಯದವರು ಬಿಲ್ ಕೊಡಬಹುದು, ಆದರೆ ನೀಲಿ ಪ್ರತಿ ಕೊಡಲಾರರು. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ.

ನಿಮ್ಮ ಟಾಟಾ ಏಸ್ ವಿಷಯ. ಸ್ವಂತ ಗಾಡಿಯಲ್ಲಿ ಒಯ್ಯಲೇಬಾರದು ಎಂದು ನಿಯಮ ಹೇಳುವುದಿಲ್ಲ. ಆದರೆ ಸಾಗಣೆಗೆ ಮಂಡಳಿಯ ಅನುಮತಿ ನಿಮ್ಮ ಹೆಸರಿನಲ್ಲಿ ಬೇಕು. ಗಾಡಿ ಇದಕ್ಕೇ ಮೀಸಲಾಗಬೇಕು. ತರಬೇತಿ ಆದ ಡ್ರೈವರ್, ಫಲಕ, ಸಲಕರಣೆ, ವಿಮೆ ಎಲ್ಲ ಬೇಕು. ಈಗ ಅದೇ ಏಸ್‌ನಲ್ಲಿ ನೀವು ಗ್ರಾಹಕರಿಗೆ ಮಾಲು ತಲುಪಿಸುತ್ತೀರಿ, ಬಹುಶಃ ಕ್ಯಾಂಟೀನ್ ಸಾಮಾನನ್ನೂ ತರುತ್ತೀರಿ. ಅದರಲ್ಲಿ ಸ್ಲಡ್ಜ್ ಒಯ್ಯುವುದು ತಪ್ಪು. ಜೊತೆಗೆ ಏಸ್ ಹೊರುವುದೇ ಸುಮಾರು ಮುಕ್ಕಾಲು ಟನ್. ನಿಮ್ಮದು 1.2 ಟನ್. ನೆಲಮಂಗಲದ ಆಚೆ ತನಕ, ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್. ವರ್ಷಕ್ಕೆ ಮೂರು ಟನ್ ಕಳಿಸಲು ಇಷ್ಟೆಲ್ಲ ಮಾಡಿಕೊಳ್ಳುವುದು ಲೆಕ್ಕಕ್ಕೂ ಬರುವುದಿಲ್ಲ. ಬೇಡ ಎಂದೇ ನನ್ನ ಸಲಹೆ.

ಹಾಗಾದರೆ ಖರ್ಚು ಕಡಿಮೆ ಮಾಡುವುದು ಹೇಗೆ? ನಿಮ್ಮ ಬೀದಿಯಲ್ಲೇ ಇನ್ನೂ ಐದಾರು ಪ್ಲೇಟಿಂಗ್, ಪೌಡರ್ ಕೋಟಿಂಗ್, ಗಾಲ್ವನೈಸಿಂಗ್ ಯೂನಿಟ್ ಇದ್ದೇ ಇರುತ್ತವೆ. ಅವರಿಗೂ ಇದೇ ತೊಂದರೆ. ಅವರ ಜೊತೆ ಮಾತಾಡಿ, ಎರಡು ತಿಂಗಳಿಗೊಮ್ಮೆ ಒಂದು ದಿನ ಗೊತ್ತು ಮಾಡಿ, ಘಟಕದ ಲಾರಿ ಒಂದೇ ಸುತ್ತಿನಲ್ಲಿ ಎಲ್ಲರಿಂದ ಎತ್ತುವಂತೆ ಕೇಳಿ. ಪ್ರತಿಯೊಬ್ಬರ ಮ್ಯಾನಿಫೆಸ್ಟ್ ಬೇರೆ ಬೇರೆ ಇರಬೇಕು, ಚೀಲಗಳ ಮೇಲೆ ಅವರವರ ಲೇಬಲ್ ಇರಬೇಕು. ನಾನು ಮೇಲೆ ಹೇಳಿದ ಆಸಿಡ್, ಸಯನೈಡ್ ಎಚ್ಚರಿಕೆ ಇಲ್ಲಿ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಪಕ್ಕದವರ ಚೀಲದಲ್ಲಿ ಏನಿದೆ ನಿಮಗೆ ಗೊತ್ತಿರುವುದಿಲ್ಲ. ಇನ್ನೊಂದು ದಾರಿ, ಸ್ಲಡ್ಜ್ ಅನ್ನೇ ಕಡಿಮೆ ಮಾಡುವುದು. ಬಾತ್‌ನಿಂದ ಎತ್ತಿದ ಸಾಮಾನನ್ನು ತೊಟ್ಟಿಯ ಮೇಲೆ ಇನ್ನೂ ಹತ್ತು ಸೆಕೆಂಡ್ ಹಿಡಿದು ಸೋರಲು ಬಿಟ್ಟರೂ ತೊಳೆಯುವ ನೀರಿಗೆ ಹೋಗುವ ಲೋಹ ಇಳಿಯುತ್ತದೆ. ಕೆಮಿಕಲ್ ಉಳಿಯುತ್ತದೆ, ಸ್ಲಡ್ಜ್ ಕಡಿಮೆ ಆಗುತ್ತದೆ. ಚೆನ್ನಾಗಿ ಒಣಗಿಸಿದರೆ ತೂಕವೂ ಇಳಿಯುತ್ತದೆ, ನೀರಿಗೆ ದುಡ್ಡು ಕೊಡುವುದು ತಪ್ಪುತ್ತದೆ.

ಯಾರಾದರೂ ಹೊಸೂರಿನ ಕಡೆ ಅಗ್ಗ ಎಂದು ಹೇಳಿದರೆ ಇದು ನೆನಪಿರಲಿ. ಅಂತಿಮ ವಿಲೇವಾರಿಗೆ ರಾಜ್ಯದ ಗಡಿ ದಾಟಬೇಕಾದರೆ ಎರಡೂ ರಾಜ್ಯಗಳ ಮಂಡಳಿಗಳಿಂದ ನಿರಾಕ್ಷೇಪಣಾ ಪತ್ರ ಬೇಕು. ಮರುಬಳಕೆಗೋ ಸಿಮೆಂಟ್ ಕುಲುಮೆಗೋ ಹೋಗುವುದಾದರೆ ಗಾಡಿಗೆ ಕೊಡುವ ಮುನ್ನ ಎರಡೂ ಮಂಡಳಿಗಳಿಗೆ ತಿಳಿಸಬೇಕು.

ಹಳೇ ಆಯಿಲ್ ಬೇರೆ ದಾರಿಯಲ್ಲಿ ಹೋಗುತ್ತದೆ. ಅದರ ವರ್ಗ 5.1. ಮಂಡಳಿಯ ಅನುಮತಿ ಇರುವ ಮರುಶುದ್ಧೀಕರಣ ಘಟಕಗಳು ಅದನ್ನು ಹಣ ಕೊಟ್ಟೇ ಕೊಳ್ಳುತ್ತವೆ. ಅದಕ್ಕೂ ಮ್ಯಾನಿಫೆಸ್ಟ್ ಬೇಕು. ಬೇಕರಿ ಒಲೆಗೋ ಬಾಯ್ಲರ್‌ಗೋ ಸುಡಲು ಕೊಡಬೇಡಿ. ಎಣ್ಣೆ ಬಟ್ಟೆಯನ್ನು ಮುಚ್ಚಳ ಇರುವ ಡ್ರಮ್‌ನಲ್ಲಿ ಬೇರೆ ಇಡಿ, ಅದರ ವರ್ಗ 33.2.

ಖಾಲಿ ಕ್ಯಾನು ಮತ್ತು ಡ್ರಮ್‌ಗಳ ಬಗ್ಗೆ ನನಗೆ ತುಂಬ ಕಾಳಜಿ. ಇವೂ ಅಪಾಯಕಾರಿ ತ್ಯಾಜ್ಯವೇ, ವರ್ಗ 33.1. ಖಾಲಿ ಆಗಿದೆಯಲ್ಲ ಎಂದು ಎಲ್ಲರೂ ಗುಜರಿಗೆ ಹಾಕುತ್ತಾರೆ, ಇಲ್ಲವೇ ಕೆಲಸಗಾರರು ಕೇಳಿ ಮನೆಗೆ ಒಯ್ಯುತ್ತಾರೆ. ಒಮ್ಮೆ ಕೈಗಾರಿಕಾ ಪ್ರದೇಶದ ಹತ್ತಿರದ ಒಂದು ವಠಾರಕ್ಕೆ ಹೋಗಿದ್ದೆ. ನಲ್ಲಿ ಮುಂದೆ ಸಾಲಾಗಿ ನೀಲಿ ಡ್ರಮ್‌ಗಳು. ಒಂದರ ಮೇಲೆ ಕೆಮಿಕಲ್ ಕಂಪನಿಯ ಲೇಬಲ್ ಅರ್ಧ ಹರಿದು ಅಂಟಿಕೊಂಡಿತ್ತು. ಅದರಿಂದಲೇ ಒಬ್ಬ ತಾಯಿ ಚೊಂಬಿನಲ್ಲಿ ನೀರು ಮೊಗೆದು ಮಗುವಿನ ಮುಖ ತೊಳೆಯುತ್ತಿದ್ದರು. ನೀರಿನ ಅಭಾವ ಇರುವ ಊರಿನಲ್ಲಿ ಅವರಿಗೆ ಒಂದು ಗಟ್ಟಿ ಡ್ರಮ್ ಎಷ್ಟು ದೊಡ್ಡದು ಎಂದು ನನಗೆ ಅರ್ಥವಾಗುತ್ತದೆ. ಅದಕ್ಕೇ ತಡೆಯಬೇಕಾದದ್ದು ನಿಮ್ಮ ಗೇಟಿನಲ್ಲಿ. ಮೂರು ಸಲ ತೊಳೆದು ಆ ನೀರನ್ನು ಇಟಿಪಿಗೆ ಬಿಡಿ. ಡ್ರಮ್ ಶುದ್ಧಿ ಮಾಡಲು ಅನುಮತಿ ಇರುವ ಘಟಕಕ್ಕೆ ಲೆಕ್ಕ ಹಾಕಿ ಕಳಿಸಿ. ಕೆಲಸಗಾರರು ಕೇಳಿದರೆ ಹೊಸ ಡ್ರಮ್ ಒಂದೊಂದು ಕೊಡಿಸಿ.

ರಟ್ಟು, ಪ್ಯಾಕಿಂಗ್ ಪ್ಲಾಸ್ಟಿಕ್, ಕ್ಯಾಂಟೀನಿನ ಊಟದ ಕಸ ಇವಕ್ಕೆ ಇಷ್ಟೆಲ್ಲ ಬೇಡ. ಮಾಮೂಲಿ ಒಣ ಕಸ, ಹಸಿ ಕಸದ ದಾರಿಯಲ್ಲಿ ಹೋಗಲಿ. ಒಂದೇ ಷರತ್ತು, ಸ್ಲಡ್ಜ್ ಶೆಡ್ಡಿನ ಹತ್ತಿರವೂ ಅವು ಸುಳಿಯಬಾರದು. ಕೆಮಿಕಲ್ ತಾಗಿದ ಒಂದು ರಟ್ಟಿನ ಪೆಟ್ಟಿಗೆ ಕಸದ ಆಟೋಕ್ಕೆ ಹೋದರೆ ಅದನ್ನು ಬರಿಗೈಯಲ್ಲಿ ಬಿಡಿಸುವವರು ಪೌರಕಾರ್ಮಿಕರು.

ಇನ್ನು ದಾರಿಯಲ್ಲಿ ಅಪಘಾತವಾದರೆ. ಡ್ರೈವರ್ ಮೊದಲು ಎಂಜಿನ್ ನಿಲ್ಲಿಸಿ, ಗಾಳಿ ಬರುವ ದಿಕ್ಕಿಗೆ ಹೋಗಿ ನಿಲ್ಲಬೇಕು. ಜನರನ್ನು ದೂರ ಕಳಿಸಬೇಕು, 112ಕ್ಕೆ ಫೋನ್ ಮಾಡಬೇಕು, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಬಂದವರ ಕೈಗೆ ಟ್ರೆಮ್ ಕಾರ್ಡ್ ಕೊಡಬೇಕು. ನಮ್ಮ ಜನ ಒಳ್ಳೆಯ ಮನಸ್ಸಿನಿಂದ ಬಕೆಟ್ ನೀರು ತಂದು ರಸ್ತೆ ತೊಳೆಯಲು ಹೋಗುತ್ತಾರೆ. ಅದನ್ನು ತಡೆಯಬೇಕು. ತೊಳೆದ ನೀರು ಮೋರಿ ಸೇರುತ್ತದೆ. ಸುತ್ತ ಮರಳಿನ ಕಟ್ಟೆ ಕಟ್ಟಿ, ಸಲಿಕೆಯಲ್ಲಿ ಎತ್ತಿ ಹೊಸ ಚೀಲಕ್ಕೆ ತುಂಬಬೇಕು. ಆ ಮರಳೂ ಈಗ ಅಪಾಯಕಾರಿ ತ್ಯಾಜ್ಯವೇ, ಅದೂ ದಾಬಸ್‌ಪೇಟೆಗೇ ಹೋಗಬೇಕು. ಮಂಡಳಿಗೆ ತಕ್ಷಣ ಫೋನ್ ಅಥವಾ ಇಮೇಲ್ ಮಾಡಿ, ಆಮೇಲೆ ನಮೂನೆ 11ರಲ್ಲಿ ವರದಿ ಕೊಡಬೇಕು.

ಮಂಡಳಿಗೆ ಪತ್ರ ಬರೆದು, ಘಟಕಕ್ಕೆ ಫೋನ್ ಮಾಡುವಾಗ ಒಂದು ಚೀಲದಿಂದ ಸ್ಯಾಂಪಲ್ ತೆಗೆದಿಟ್ಟುಕೊಳ್ಳಿ. ಮೊದಲ ಸಲ ಕಳಿಸುವ ತ್ಯಾಜ್ಯವನ್ನು ಅವರು ಲ್ಯಾಬ್‌ನಲ್ಲಿ ಪೂರ್ತಿ ಪರೀಕ್ಷೆ ಮಾಡಿಯೇ ಒಪ್ಪಿಕೊಳ್ಳುವುದು. ಅದಕ್ಕೆ ದಿನ ಹಿಡಿಯುತ್ತದೆ. ನಿಮ್ಮ 180 ದಿನಕ್ಕೆ ಉಳಿದಿರುವುದು ಇನ್ನು 30 ದಿನ.